ನೀಲವ್ವ ನಕ್ಕದ್ದು ಯಾರನ್ನು ನೋಡಿ

ಕಳೆದ ತಿಂಗಳು ಗದಗಿನಲ್ಲಿ ನಮ್ಮ ಮೊಮ್ಮಗನ ಮದುವೆ. ನನ್ನನ್ನು ಮುಂದಿನ ಸಾಲಿನ ಕುರ್ಚಿಯಲ್ಲಿ ಕೂಡಿಸಿ, ಕೈಗೊಂದು ನೀರಿನ ಬಾಟಲಿ ಕೊಟ್ಟು ಮನೆಯವರೆಲ್ಲ ತಮ್ಮ ಗಡಿಬಿಡಿಗೆ ಹೋದರು. ಅಷ್ಟರಲ್ಲಿ ವೇದಿಕೆಯ ಮೇಲೆ ಒಬ್ಬ ಹುಡುಗಿ ದಪ್ಪನೆ ಮಲಗಿಬಿಟ್ಟಳು. ಕೊರಳಲ್ಲಿ ಎರಡು ಕ್ಯಾಮರಾ. ಮೇಲಿನಿಂದ ಬೀಳುವ ಅಕ್ಕಿಕಾಳನ್ನು ನೆಲದಿಂದ ಹಿಡಿಯುತ್ತಿದ್ದಳು. ನಮ್ಮ ಬೀಗರೊಬ್ಬರು ಅಂಗಿಯ ಗುಂಡಿ ಹಾಕಿಕೊಂಡು ಅವಳೆದುರು ನೆಟ್ಟಗೆ ನಿಂತರು. ಮಲಗಿದಲ್ಲಿಂದಲೇ ಅವಳು, "ಕಾಕಾರ, ನನ್ನ ನೋಡಬ್ಯಾಡ್ರಿ. ನಾ ಇಲ್ಲೆ ಇಲ್ಲs ಇಲ್ಲ ಅಂತ ತಿಳ್ಕೋರಿ" ಅಂದಳು.

ನಾನು ಕುರ್ಚಿಯಿಂದ ಎದ್ದೇಬಿಟ್ಟೆ. ಎಂಬತ್ತು ದಾಟಿದವನು ಹಾಗೆ ಎದ್ದರೆ ಮನೆಯವರಿಗೆ ಒಂದೇ ಅರ್ಥ. "ಮಾವಾರ, ಬಾತ್‌ರೂಮಿಗೇನ್ರಿ?" ಎಂದು ಸೊಸೆ ಓಡಿ ಬಂದಳು. ಅಲ್ಲವೆಂದು ಹೇಗೆ ಹೇಳಲಿ? ಜನಕ್ಕೆ ತಿಳಿಯದಂತೆ ಫೋಟೋ ತೆಗೆಯುವ ಆ ಹುಡುಗಿಯ ಹುಚ್ಚು ಒಂದು ಕಾಲಕ್ಕೆ ನನ್ನದಾಗಿತ್ತು. ಅದಕ್ಕೆ ಕ್ಯಾಂಡಿಡ್ ಎಂಬ ಹೆಸರಿದೆಯೆಂದು ಮಾತ್ರ ಆಗ ಗೊತ್ತಿರಲಿಲ್ಲ.

ಸ್ವಾತಂತ್ರ್ಯ ಬಂದು ಕೆಲವು ವರ್ಷವಾಗಿತ್ತು. ಮ್ಯಾಟ್ರಿಕ್ ಮುಗಿಸಿದ ನಾನು ಗದಗಿನಲ್ಲಿ ಸೋದರಮಾವನ ಫೋಟೋ ಸ್ಟುಡಿಯೋ ಸೇರಿದ್ದೆ. ಮಾವನದು ಮೂರು ಕಾಲಿನ ಕಟ್ಟಿಗೆ ಕ್ಯಾಮರಾ. ತಲೆಯ ಮೇಲೆ ಕರಿ ಬಟ್ಟೆ ಹೊದ್ದು ಒಳಗಿನಿಂದ ಆಜ್ಞೆ ಕೊಡುತ್ತಿದ್ದ: "ಅಳ್ಳಾಡಬ್ಯಾಡ್ರಿ! ನಗಬ್ಯಾಡ್ರಿ! ಕಣ್ಣು ಪಿಳಕಸಬ್ಯಾಡ್ರಿ!" ಮದುಮಕ್ಕಳು ಸೆರೆಸಿಕ್ಕವರಂತೆ ನಿಲ್ಲುತ್ತಿದ್ದರು. ಎಷ್ಟು ಮದುವೆಯಾದರೂ ಫೋಟೋ ಒಂದೇ. ಮುಖಗಳು ಮಾತ್ರ ಬೇರೆ.

ನನ್ನ ಕೈಗೆ ಒಂದು ಸಣ್ಣ ಡಬ್ಬಿ ಕ್ಯಾಮರಾ ಬಂತು ನೋಡಿ, ನನ್ನ ನಸೀಬು ತೆರೆಯಿತು! ಅದನ್ನು ಹೊಟ್ಟೆಗೆ ಹಚ್ಚಿ ಹಿಡಿದು, ಮೇಲಿನ ಗಾಜಿನಲ್ಲಿ ಬಗ್ಗಿ ನೋಡಬೇಕು. ಕರಿ ಬಟ್ಟೆ ಹೊದೆಯದವನು ಫೋಟೋದವನೆಂದು ನಮ್ಮ ಕಡೆ ಯಾರೂ ನಂಬುತ್ತಿರಲಿಲ್ಲ. ಜನ ನನ್ನೆದುರೇ ಆಕಳಿಸಿದರು, ಜಗಳಾಡಿದರು, ಬೀಗರ ಕಣ್ಣು ತಪ್ಪಿಸಿ ಇನ್ನೊಂದು ಹೋಳಿಗೆ ಎಳೆದುಕೊಂಡರು. ನಾನು ಎಲ್ಲವನ್ನೂ ಡಬ್ಬಿಗೆ ತುಂಬಿಕೊಂಡೆ. ಡೋಣಿ ಎಂಬ ಊರಿನ ಒಂದು ಮದುವೆಯಲ್ಲಿ ಮುದುಕಿಯೊಬ್ಬಳು ನನ್ನನ್ನು ಬಹಳ ಹೊತ್ತು ನೋಡಿ, "ಹೊಟ್ಟಿ ನೋವೇನೋ ತಮ್ಮಾ? ಆವಾಗಿಂದ ಹೊಟ್ಟಿ ಹಿಡ್ಕೊಂಡು ಬಗ್ಗೀಯಲ್ಲ" ಎಂದು ಬಾಯಿಗೆ ಅಜವಾನ ಹಾಕಿದಳು. ಅಜವಾನ ಜಗಿಯುತ್ತಲೇ ಅವಳದೂ ಒಂದು ತೆಗೆದೆ.

ಇಷ್ಟು ಹೇಳಿ ನಿಲ್ಲಿಸಿದರೆ ನಾನು ನಿಮ್ಮ ಕಣ್ಣಿಗೆ ದೊಡ್ಡ ಕಲಾವಿದ. ಆದರೆ ಹೇಳಬೇಕಾದದ್ದು ಮುಂದಿದೆ.

ಕೊರ್ಲಹಳ್ಳಿಯಲ್ಲಿ ನೀಲವ್ವ ಎಂಬ ಹುಡುಗಿಯ ಮದುವೆ. ಗಂಡಿನ ಕಡೆಯವರು ಹೊಳೆಯ ಆಚೆ ದಂಡೆಯವರು. ಆಗ ತುಂಗಭದ್ರೆಯ ಈಚೆಗೆ ನಾವು ಮುಂಬೈ ಸರಕಾರದವರು, ಆಚೆಗೆ ಅವರು ಮದರಾಸಿನವರು. ಮಾತು ಒಂದೇ, ರೊಟ್ಟಿ ಒಂದೇ. ಹರಗೋಲು ಇಳಿದ ಬೀಗರಿಗೆ ನೀಲವ್ವನ ಅಪ್ಪ, "ಬರ್ರಿ, ಸರಕಾರದವರು ಕರ್ನಾಟಕ ಒಂದು ಮಾಡೂತನಾ ಯಾಕ ಕಾಯೂದು, ನಾವs ಮಾಡಿಬಿಡೂಣು" ಅಂದ. ಹಂದರವೆಲ್ಲ ನಕ್ಕಿತು.

ಅಕ್ಕಿಕಾಳು ಬಿದ್ದವು. ಒಂದು ಕಾಳು ನೇರವಾಗಿ ಮದುಮಗನ ಮೂಗಿಗೆ ಹೋಯಿತು. ಅವನು ಸೀನಿದ ರಭಸಕ್ಕೆ ಹಣೆಯ ಬಾಸಿಂಗ ಜಾರಿ ಬಾಯಿಗೆ ಬಂತು. ಪಕ್ಕದಲ್ಲಿದ್ದ ನೀಲವ್ವ ತಲೆಯೆತ್ತಿ ಅವನನ್ನು ನೋಡಿ, ಬಾಯಿ ತುಂಬ ನಕ್ಕಳು. ಹಂದರದ ಸಂದಿಯಿಂದ ಬಿಸಿಲು ಸರಿಯಾಗಿ ಅವಳ ಮುಖದ ಮೇಲೆ! ಟಕ್ ಎಂದಿತು ನನ್ನ ಡಬ್ಬಿ.

ಕತ್ತಲೆ ಕೋಣೆಯಲ್ಲಿ, ತಟ್ಟೆಯ ನೀರಿನೊಳಗೆ ಆ ನಗು ಮೆಲ್ಲಗೆ ಮೇಲೇಳುವಾಗ ನಾನು ಕುಣಿದಾಡಿದ್ದೆ. ಮಾವ ಬಂದು ನೋಡಿ, "ಮದುಮಗಳ ಹಲ್ಲು ಎಣಸಾಕ ಹೋಗಿದ್ದೇನಲೇ?" ಎಂದ. ಒಂದೇ ಕೊರತೆ: ಸೀನುತ್ತಿದ್ದ ಮದುಮಗ ಅಂಚಿನಲ್ಲಿ ಅಳ್ಳಾಡಿ ಮಸುಕಾಗಿದ್ದ. ಚಂದದ ಫೋಟೋಕ್ಕೆ ಕಸವೆಂದು ಅವನಿದ್ದ ಅರ್ಧವನ್ನು ಕತ್ತರಿಸಿ ಬಿಟ್ಟು, ನೀಲವ್ವನೊಬ್ಬಳನ್ನೇ ದೊಡ್ಡದು ಮಾಡಿ, ಬೀದಿಗೆ ಕಾಣುವ ಗಾಜಿನ ಕಪಾಟಿನಲ್ಲಿಟ್ಟೆ. ಯಾರನ್ನೂ ಕೇಳಲಿಲ್ಲ. ಸಂತೆಗೆ ಬಂದವರೆಲ್ಲ ಅಲ್ಲಿ ನಿಂತು ಹೋಗುತ್ತಿದ್ದರು. ನಾನು ಒಳಗೆ ಕುಳಿತು ಅವರ ಬೆನ್ನು ಎಣಿಸಿ ಹಿಗ್ಗುತ್ತಿದ್ದೆ.

ಪಂಚಮಿಗೆ ನೀಲವ್ವ ತವರಿಗೆ ಬಂದಳು. ಹಬ್ಬ ಮುಗಿಯಿತು, ಉಂಡಿ ಖಾಲಿಯಾದವು, ಕರೆಯಲು ಆಚೆ ದಂಡೆಯಿಂದ ಯಾರೂ ಬರಲಿಲ್ಲ. ಅವಳ ಅಪ್ಪ ಗದಗಿಗೆ ಬಂದು, ಕಪಾಟಿನ ಮುಂದೆ ನಿಂತು, ಆಮೇಲೆ ಒಳಗೆ ಬಂದು ಕುಳಿತ.

"ತಮ್ಮಾ, ನನ್ನ ಮಗಳು ಯಾರನ್ನ ನೋಡಿ ನಕ್ಕಾಳು? ನಿನ್ನ ಕಪಾಟಿನ್ಯಾಗಿನ ಫೋಟೋ ಕಂಡು, ಫೋಟೋದಂವನ್ನ ನೋಡಿ ನಕ್ಕಾಳಂತ ಬೀಗರು ಸಿಟ್ಟಾಗ್ಯಾರ. ಅಂಥಾಕಿನ್ನ ಮನಿ ತುಂಬಸ್ಕೊಳ್ಳೂದಿಲ್ಲಂತ."

ಇಡೀ ನೆಗೆಟಿವ್ ನನ್ನ ಮೇಜಿನ ಖಾನೆಯಲ್ಲೇ ಇತ್ತು. ತೆಗೆದು ತೋರಿಸಿದ್ದರೆ ಮುಗಿಯುತ್ತಿತ್ತು. ಆದರೆ ಅಂಥ ಚಂದದ ಹುಡುಗಿ ನನ್ನನ್ನು ನೋಡಿ ನಕ್ಕಳೆಂದು ಜನ ಆಡಿಕೊಳ್ಳುವುದು ನನಗೆ ಒಳಗೊಳಗೇ ಹಿತವಾಗಿತ್ತು. "ನನಗೇನ ಗೊತ್ತರಿ, ನಾ ಬಗ್ಗಿದ್ದೆ" ಅಂದೆ. ಅವನು ರುಮಾಲಿನಿಂದ ಮುಖ ಒರೆಸಿಕೊಂಡು ಎದ್ದು ಹೋದ. ಇಷ್ಟು ವರ್ಷ ನಾನು ಯಾರಿಗೂ ಹೇಳದಿದ್ದದ್ದು ಇದು.

ಕೇಳಿಸಿಕೊಂಡಿದ್ದ ಮಾವ ಖಾನೆ ಎಳೆದು ನೆಗೆಟಿವನ್ನು ಬೆಳಕಿಗೆ ಹಿಡಿದ. "ಗಂಡನ್ನ ಕತ್ತರಿಸಿ ಒಗದೀಯಲ್ಲೋ, ಅಕಿ ಬಾಳೇವು ಕತ್ತರಿಸಿದೆಲ್ಲೋ ಭಾಡ್ಯಾ!" ಬೆನ್ನಿಗೆ ಎರಡು ಬಿದ್ದವು. ಇಡೀ ಫೋಟೋ ಮಾಡಿಸಿ, ಮರುದಿನ ನನ್ನನ್ನೇ ಆಚೆ ದಂಡೆಯ ಬೀಗರ ಮನೆಗೆ ಓಡಿಸಿದ.

ಶ್ರಾವಣದ ಹೊಳೆ ಕೆಂಪಗೆ ತುಂಬಿ ಹರಿಯುತ್ತಿತ್ತು. ಹರಗೋಲು ಬುಗುರಿಯಂತೆ ತಿರುಗುವಾಗ ಫೋಟೋವನ್ನು ಅಂಗಿಯೊಳಗೆ ಎದೆಗೆ ಅವಚಿಕೊಂಡಿದ್ದೆ. ಮುಳುಗಿದರೆ ನಾನು ಮುಳುಗಲಿ, ಇದು ದಂಡೆ ಮುಟ್ಟಲಿ ಎನ್ನಿಸುತ್ತಿತ್ತು. ನೀಲವ್ವನ ಮಾವ ಫೋಟೋವನ್ನು ದೂರ ಹಿಡಿದು ನೋಡಿದರು, ಹತ್ತಿರ ಹಿಡಿದು ನೋಡಿದರು. ಬಾಸಿಂಗ ಕಚ್ಚಿಕೊಂಡ ಮಗ ಕಂಡ. ಅವನ ಹಿಂದೆ, ಸೊಸೆಗಿಂತ ದೊಡ್ಡದಾಗಿ ಬಾಯಿ ತೆರೆದು ನಗುತ್ತಿದ್ದ ಇನ್ನೊಬ್ಬರೂ ಕಂಡರು. ಹೆಂಡತಿಯ ಕಡೆ ತಿರುಗಿ, "ಸೊಸಿ ಹಲ್ಲ ಕಿಸದ್ಲು ಅಂತ ಊರೆಲ್ಲಾ ಸಾರಿದೆಲ್ಲ, ಇವು ಯಾರ ಹಲ್ಲ?" ಎಂದು ಕೇಳಿದರು.

"ಅಯ್ಯ, ಹಡದ ಮಗಾ ಮಂಗ್ಯಾನಾಂಗ ಕಂಡ್ರ ಅಳಬೇಕಾಗಿತ್ತೇನು?" ಎಂದು ಅತ್ತೆ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡರು. ಮನೆಯೆಲ್ಲ ನಗತೊಡಗಿತು. ಅಂದೇ ಹರಗೋಲಿನಲ್ಲಿ ಎಲ್ಲರೂ ಕೊರ್ಲಹಳ್ಳಿಗೆ ಹೊರಟೆವು. ಗೆದ್ದವನ ಗತ್ತಿನಲ್ಲಿ ನಾನು ಮುಂದೆ ಕುಳಿತಿದ್ದೆ.

ನೀಲವ್ವ ಬಾಗಿಲಲ್ಲಿ ನಿಂತಿದ್ದಳು. ಫೋಟೋ ಚಾಚಿದೆ. ಮುಟ್ಟಲಿಲ್ಲ.

"ಗಂಡನ್ನ ನೋಡಿ ನಕ್ಕೆ ಅಂತ ನಾ ಹೇಳೇ ಹೇಳಿದೆ. ಅತ್ತು ಹೇಳಿದೆ. ನಮ್ಮಪ್ಪಗೂ ಖರೆ ಅನಸಲಿಲ್ಲ, ನಿಮ್ಮನ್ನ ಕೇಳಾಕ ಬಂದ. ಈ ಕಾಗದ ಹೇಳಿದ ಕೂಡ್ಲೆ ಎಲ್ಲಾರ್ಗೂ ಖರೆ ಆತೇನ್ರಿ?"

ಅವಳ ಅಪ್ಪ ನೆಲ ನೋಡಿದ. ನಾನು ಫೋಟೋ ಮಡಿಸಬಾರದೆಂಬ ನೆನಪೂ ಇಲ್ಲದೆ ಮಡಿಸಿ ಕಿಸೆಗಿಟ್ಟೆ. ನೀಲವ್ವ ಗಂಡನ ಮನೆಗೆ ಹೋದಳು. ಚೆನ್ನಾಗಿಯೇ ಬಾಳಿದಳೆಂದು ಕೇಳಿದ್ದೇನೆ. ಮುಂದೆ ಎರಡು ದಂಡೆಗಳೂ ಒಂದೇ ರಾಜ್ಯವಾದವು. ನಾನು ಮುಂಡರಗಿಯಿಂದ ಲಕ್ಷ್ಮೇಶ್ವರದವರೆಗೆ ಅದೆಷ್ಟೋ ಮದುವೆಗಳ ಫೋಟೋ ತೆಗೆದೆ. ಒಳ್ಳೆಯ ನಗು ಕಂಡಾಗಲೆಲ್ಲ ಕೈ ಒಂದು ಕ್ಷಣ ತಡೆಯುತ್ತಿತ್ತು. ಕೇಳಿ ತೆಗೆದರೆ ನಗು ಹಾರಿಹೋಗುತ್ತದೆ, ಕೇಳದೆ ತೆಗೆದರೆ ಕದ್ದಂತಾಗುತ್ತದೆ. ಇದನ್ನು ಬಿಡಿಸುವ ದಾರಿ ನನಗೆ ಸಿಗಲೇ ಇಲ್ಲ.

ಕಳೆದ ತಿಂಗಳು ಮೊಮ್ಮಗನ ಮದುವೆಯ ಊಟವಾದ ಮೇಲೆ ಆ ಕ್ಯಾಮರಾದ ಹುಡುಗಿ ನನ್ನ ಹತ್ತಿರ ಬಂದು ಕ್ಯಾಮರಾದ ಹಿಂದಿನ ಪರದೆ ತೋರಿಸಿದಳು. ಹಲ್ಲಿಲ್ಲದ ಬಾಯಿ ತೆರೆದು ನಗುತ್ತಿರುವ ಮುದುಕ, ಕಣ್ಣಲ್ಲಿ ನೀರು. ನೀಲವ್ವನನ್ನು ನೆನೆಯುತ್ತ ಕುಳಿತಿದ್ದ ನನ್ನನ್ನು ಯಾವಾಗ ತೆಗೆದಳೋ ಗೊತ್ತೇ ಆಗಿರಲಿಲ್ಲ!

"ಮಸ್ತ್ ಬಂದೈತ್ರಿ ಅಜ್ಜಾರ. ಅಲ್ಬಮ್ಮಿಗೆ ಹಾಕಲೇನು?"

"ಹಾಕವಾ. ಆದ್ರ ನಾ ಯಾಕ ನಕ್ಕೆ, ಯಾಕ ಅತ್ತೆ ಅಂತ ಕೇಳೂದಿಲ್ಲೇನು?"

 ಅವಳು ಎರಡೂ ಕ್ಯಾಮರಾಗಳನ್ನು ಕೊರಳಿನಿಂದ ತೆಗೆದು ಪಕ್ಕದ ಕುರ್ಚಿಯ ಮೇಲಿಟ್ಟು, ನನ್ನ ಕಾಲ ಬಳಿ ನೆಲದ ಮೇಲೇ ಕುಳಿತಳು.

"ಹೇಳ್ರಿ" ಅಂದಳು.