ಒಂಬತ್ತನೇ ನಂಬರಿನ ಮೈಕ್ರೋಸ್ಕೋಪು

ಕಣ್ಣೆದುರಿಗಿರುವ ವಸ್ತುವನ್ನು ಇಲ್ಲವೆಂದು ಬರೆಯುವುದು ಹೇಗೆ ಎಂಬುದನ್ನು ನಾನು ಕಲಿತದ್ದು ವಿಶ್ವವಿದ್ಯಾಲಯದ ನೌಕರಿಯಲ್ಲಿ. ಕಲಿತು ಸುಮ್ಮನಾಗಿದ್ದರೆ ಚಿಂತೆಯಿರಲಿಲ್ಲ. ನನ್ನ ಕೈಯಾರೆ ಬರೆದೂಬಿಟ್ಟೆ, ಅದೂ ಕೆಂಪು ಶಾಯಿಯಲ್ಲಿ.

ಚಾಮರಾಜನಗರದ ನಮ್ಮ ಕೇಂದ್ರದಲ್ಲಿ ಉಗ್ರಾಣ ನನ್ನ ಪಾಲಿನದು. ಕುರ್ಚಿ, ಬೀರು, ಪ್ರೊಜೆಕ್ಟರು, ತಕ್ಕಡಿ, ಗಾಜಿನ ಜಾಡಿ, ಏನೇ ಬಂದರೂ ಮೊದಲು ನನ್ನ ದಾಸ್ತಾನು ವಹಿಯಲ್ಲಿ ಏರಬೇಕು. ಆಮೇಲೆ ಅದರ ಮೈಮೇಲೆ ಬಿಳಿ ಬಣ್ಣದಲ್ಲಿ ನಂಬರು ಬರೆಸಬೇಕು. ಪ್ರೊಫೆಸರುಗಳು ನಿವೃತ್ತರಾಗುತ್ತಾರೆ, ವಿದ್ಯಾರ್ಥಿಗಳು ಬಂದು ಹೋಗುತ್ತಾರೆ, ಕಾಲು ಮುರಿದ ಸ್ಟೂಲು ಮಾತ್ರ ನನ್ನ ತಲೆಯ ಮೇಲೇ ಇರುತ್ತದೆ. ಯಾರಾದರೂ ನನ್ನನ್ನು ಹುಡುಕಿಕೊಂಡು ಬಂದರೆಂದರೆ ಅವರಿಗೆ ಏನೋ ಬೇಕಾಗಿರುತ್ತದೆ, ಇಲ್ಲವೇ ಏನೋ ಕಾಣೆಯಾಗಿರುತ್ತದೆ. ಇಷ್ಟು ವರ್ಷ ಇದನ್ನೇ ಮಾಡಿ ನನ್ನ ಕೋಪ ಮೂಗಿನ ತುದಿಗೆ ಬಂದು ಕೂತಿದೆ ಎಂದು ಮನೆಯವರು ಹೇಳುತ್ತಾರೆ. ಸುಳ್ಳಲ್ಲ.

ಈಚೆಗೆ ಮುಖ್ಯ ಕಚೇರಿಯಿಂದ ಒಂದು ಸುತ್ತೋಲೆ ಬಂತು. ವಹಿಯಲ್ಲಿರುವ ಪ್ರತಿಯೊಂದು ವಸ್ತುವೂ ಕಂಪ್ಯೂಟರಿಗೆ ಏರಬೇಕು, ನಂಬರು ಕಾಣುವಂತೆ ಫೋಟೋ ತೆಗೆಯಬೇಕು, ಪರಿಶೀಲನಾಧಿಕಾರಿ ಖುದ್ದಾಗಿ ನೋಡಿ ಒಪ್ಪಿದ ಮೇಲೆ ಕ್ಯೂಆರ್ ಚೀಟಿ ಅಂಟಿಸಬೇಕು. ಅದೇ ತಿಂಗಳ ಕೊನೆಗೆ ನಮ್ಮ ಪ್ರಯೋಗಾಲಯದ ಅಟೆಂಡರ್ ನಿವೃತ್ತರಾಗುವವರಿದ್ದರು.

ಅವರು ಉಮ್ಮತ್ತೂರಿನವರು. ಹಣೆಯ ತುಂಬ ವಿಭೂತಿ, ಹೆಗಲ ಮೇಲೊಂದು ಟವೆಲ್ಲು, ಬೆಳಗಿನ ಮೊದಲ ಬಸ್ಸಿಗೆ ಬಂದು ಬೀಗ ತೆಗೆಯುವ ಮನುಷ್ಯ. ಪ್ರಯೋಗಾಲಯದ ಸಾಮಾನೆಲ್ಲ ಅವರ ಸುಪರ್ದಿಯಲ್ಲಿತ್ತು. ಬಿಡುಗಡೆಯಾಗುವ ಮುನ್ನ ಅವರ ಕಡೆಯಿಂದ ಬರಬೇಕಾದ ವಸ್ತು ಏನೂ ಇಲ್ಲವೆಂಬ ಬೇಬಾಕಿ ಪತ್ರಕ್ಕೆ ನಾನು ಸಹಿ ಹಾಕಬೇಕು. ತಿಂಗಳ ಮೊದಲಲ್ಲೇ ಬಂದು ನನ್ನ ಮೇಜಿನ ಮುಂದೆ ನಿಂತರು.

"ಮೇಡಮ್ಮೋರೇ, ನನ್ಗ ಶಾಲು ಹಾರ ಏನೂ ಬ್ಯಾಡ. ಆ ಪತ್ರ ಒಂದ ಚೆಂದಾಗಿ ಬರ್ದು ಕೊಟ್ಬುಡಿ. ಒಂದು ಗಾಜಿನ ಚೂರ್ನೂ ಮನೆಗ ತಕ್ಕೊಂಡೋದೋನಲ್ಲ ನಾನು. ಚೌಕಟ್ಟು ಹಾಕ್ಸಿ ಗೋಡೆಗ ಮಡಗ್ತೀನಿ."

"ಅದಕ್ಕೇನಂತೆ ಯಜಮಾನ್ರೇ, ಬರೆದುಕೊಡ್ತೀನಿ" ಎಂದೆ. ಹೇಳುವುದಕ್ಕೇನು ಕಷ್ಟ.

ಪರಿಶೀಲನಾಧಿಕಾರಿ ಬಂದ ದಿನ ಎಲ್ಲ ಸಲೀಸಾಗಿಯೇ ನಡೆಯಿತು, ಮೈಕ್ರೋಸ್ಕೋಪುಗಳ ತನಕ. ವಹಿಯಲ್ಲಿ ಹನ್ನೆರಡಿವೆ. ಮೇಜಿನ ಮೇಲೂ ಹನ್ನೆರಡಿದ್ದವು. ಆದರೆ ಒಂದರ ಮೇಲೆ ನಂಬರಿರಲಿಲ್ಲ. ಒಂದರಿಂದ ಹನ್ನೆರಡರವರೆಗೆ ಹುಡುಕಿದರೆ ಒಂಬತ್ತು ಮಾತ್ರ ಸಿಗಲಿಲ್ಲ.

"ಹಾಗಾದರೆ ಇದೇ ಒಂಬತ್ತು ಸಾರ್" ಎಂದೆ.

"ನೀವು ಹೇಳ್ತೀರಿ. ಅದು ಹೇಳ್ತಾ ಇಲ್ಲವಲ್ಲ" ಎಂದರು ಅವರು, ಕೈಯಲ್ಲಿದ್ದ ಟ್ಯಾಬಿನಿಂದ ಕಣ್ಣೆತ್ತದೆ. "ವಹಿಯಲ್ಲಿರೋದು ಒಂದು ಕಾಣೆ. ವಹಿಯಲ್ಲಿ ಇಲ್ಲದ್ದು ಒಂದು ಹೆಚ್ಚುವರಿ."

"ಒಟ್ಟು ಹನ್ನೆರಡಿದೆಯಲ್ಲ ಸಾರ್."

"ಒಟ್ಟು ಕೇಳೋಕೆ ಇದರಲ್ಲಿ ಕಾಲಮ್ಮೇ ಇಲ್ಲ ಮೇಡಂ."

ಬಣ್ಣದ ಡಬ್ಬಿ ತರಿಸಿ ಈಗಲೇ ಒಂಬತ್ತು ಎಂದು ಬರೆಸುತ್ತೇನೆ ಎಂದೆ. ಅದು ದಾಖಲೆ ತಿದ್ದಿದಂತಾಗುತ್ತದೆ ಎಂದರು. ನನಗೆ ಮೈ ಪರಚಿಕೊಳ್ಳುವಂತಾಯಿತು. ಅವರ ಮೇಲೆ ಹಾಯುವಂತಿರಲಿಲ್ಲ. ಪಕ್ಕದಲ್ಲಿ ಟವೆಲ್ಲು ಹಿಡಿದು ನಿಂತಿದ್ದವರ ಮೇಲೆ ಹಾಯ್ದೆ.

"ಇದರ ನಂಬರ್ ಎಲ್ಲಿ ಹೋಯ್ತು?"

"ಇದೇ ಒಂಬತ್ತು ಕಣಮ್ಮ. ಆಯುಧ ಪೂಜೆಗ ಮಡಗೋದು ಇದ್ನೇ ಅಲ್ವಾ? ವರ್ಸ ವರ್ಸ ಸೀಮೆಣ್ಣೆ ಬಟ್ಟೇಲಿ ಉಜ್ಜುಬುಟ್ಟು ಈಬೂತಿ ಇಕ್ತೀನಲ್ಲ, ಬಣ್ಣ ಅಂಗೇ ಓಗಿರ್ಬೇಕು."

ನಮ್ಮಲ್ಲಿ ಆಯುಧ ಪೂಜೆಗೆ ಪ್ರತಿ ವಿಭಾಗದಿಂದ ಒಂದೊಂದು ವಸ್ತುವನ್ನು ತೊಳೆದು, ಒರೆಸಿ, ಪಟದ ಮುಂದೆ ಇಡುತ್ತೇವೆ. ಪ್ರಯೋಗಾಲಯದ ಪಾಲಿಗೆ ಯಾವಾಗಲೂ ಆ ಒಂದು ಮೈಕ್ರೋಸ್ಕೋಪು. ನಂಬರಿದ್ದ ಜಾಗದಲ್ಲೇ ಮೂರು ಪಟ್ಟೆ ವಿಭೂತಿ ಬೀಳುತ್ತಿತ್ತು. ಅದನ್ನು ನೋಡಿಯೂ ಇದ್ದೆ.

ನೋಡಿದ್ದವಳು ಅಂದು ಹೇಳಿದ್ದು ಬೇರೆ. "ಇಷ್ಟು ವರ್ಷ ಸರ್ವೀಸ್ ಮಾಡಿದವರಿಗೆ ಸರ್ಕಾರದ ನಂಬರ್ ಅಳಿಸಬಾರದು ಅನ್ನೋ ಬುದ್ಧಿ ಇಲ್ವಾ? ಇದೇ ಒಂಬತ್ತು ಅಂತ ನಾನು ಯಾವ ಧೈರ್ಯದ ಮೇಲೆ ನಂಬಲಿ?"

ಅಧಿಕಾರಿಗೆ ಊಟದ ಹೊತ್ತಾಗಿತ್ತು. ಷರಾ ಬರೆದು ಮುಗಿಸಿ ಎಂದರು. ಒಂಬತ್ತರ ಮುಂದೆ ಷರಾ ಕಾಲಮ್ಮಿನಲ್ಲಿ ಬರೆದೆ: ಕಾಣೆಯಾಗಿದೆ, ಪ್ರಯೋಗಾಲಯದ ಅಟೆಂಡರ್ ಸುಪರ್ದಿಯಲ್ಲಿದ್ದದ್ದು. ಸಹಿ ಹಾಕಿದೆ. ಅಟೆಂಡರ್ ಬಗ್ಗಿ, ಅಕ್ಷರದ ಕೆಳಗೆ ಬೆರಳಿಟ್ಟುಕೊಂಡು ನಿಧಾನಕ್ಕೆ ಓದಿದರು. ಓದಿ, ಮೈಕ್ರೋಸ್ಕೋಪನ್ನು ಎತ್ತಿ ಅದರ ಜಾಗದಲ್ಲಿಟ್ಟು ಹೊರಗೆ ಹೋದರು.

ಮಧ್ಯಾಹ್ನ ಸಿಟ್ಟು ಇಳಿದಾಗ ತಲೆ ಓಡಿತು. ಮೈಕ್ರೋಸ್ಕೋಪಿನ ಪೀಠದ ಅಡಿಯಲ್ಲಿ ತಯಾರಕರು ಕೆತ್ತಿದ ಸಂಖ್ಯೆಯೊಂದಿರುತ್ತದೆ. ಅದನ್ನು ಯಾವ ಸೀಮೆಎಣ್ಣೆಯೂ ಅಳಿಸುವುದಿಲ್ಲ. ವಹಿಯಲ್ಲಿ ಅದಕ್ಕೆ ಬೇರೆಯೇ ಕಾಲಮ್ಮಿದೆ. ಹಳೆಯ ಪುಟ ತೆಗೆದೆ. ಒಂದನೆಯದಕ್ಕೆ ಉದ್ದನೆಯ ಸಂಖ್ಯೆ ಬರೆದಿತ್ತು. ಎರಡನೆಯದಕ್ಕೆ 'ಸದರಿ'. ಮೂರನೆಯದಕ್ಕೆ 'ಸದರಿ'. ಹನ್ನೆರಡರ ತನಕ ಸದರಿ, ಸದರಿ, ಸದರಿ. ಹನ್ನೆರಡು ಯಂತ್ರಗಳಿಗೆ ಒಂದೇ ಸಂಖ್ಯೆ! ಬರಹ ನನ್ನದೇ. ನೌಕರಿಗೆ ಸೇರಿದ ಹೊಸತು, ಸಂತೆಮರಹಳ್ಳಿಯ ಬಸ್ಸು ತಪ್ಪೀತೆಂಬ ಅವಸರದಲ್ಲಿ ಬರೆದದ್ದು.

ಇನ್ನೊಂದು ವಿಷಯವೂ ನೆನಪಾಯಿತು. ಮೊದಲ ವರ್ಷ ಪೂಜೆಗೆ ಒಂಬತ್ತನ್ನು ಆರಿಸಿದವಳು ನಾನು, ಒಂದು ಗೀರೂ ಇಲ್ಲದೆ ಚೆನ್ನಾಗಿದೆ ಅಂತ. ಫಳಫಳ ಅನ್ನೋ ಹಾಗೆ ಉಜ್ಜಿ ಎಂದವಳೂ ನಾನೇ. ಆಮೇಲೆ ವರ್ಷ ವರ್ಷ ಹೋಗಿ ಮಂಗಳಾರತಿ ತೆಗೆದುಕೊಂಡು, ಕಡ್ಲೆಪುರಿ ತಿಂದು ಬಂದಿದ್ದೆ. ನಾಚಿಕೆಯಾಯಿತು. ನಾಚಿಕೆಯಾದರೂ ನೇರವಾಗಿ ಅವರ ಹತ್ತಿರ ಹೋಗುವ ಮನಸ್ಸಾಗಲಿಲ್ಲ.

ಆ ಮೈಕ್ರೋಸ್ಕೋಪುಗಳು ಮೊದಲು ಬಂದಿಳಿದದ್ದು ಗುಂಡ್ಲುಪೇಟೆಯ ನಮ್ಮ ಉಪಕೇಂದ್ರದಲ್ಲಿ. ಹನ್ನೆರಡರ ಸಂಖ್ಯೆಗಳನ್ನೂ ಬರೆದ, ಸಾಮಾನಿನ ಜೊತೆ ಬಂದ ಚಲನ್ ಅಲ್ಲಿರಬೇಕು. ಫೋನು ಮಾಡಿದರೆ ನೋಡ್ತೀವಿ ಎಂದರು. ಎರಡು ದಿನ ಬಿಟ್ಟು ಮಾಡಿದರೆ ನೋಡ್ತಾ ಇದೀವಿ ಎಂದರು. ಬಸ್ಸು ಹತ್ತಿ ಹೋದೆ. ಬೀರುವಿನ ಕೀಲಿ ಇಟ್ಟುಕೊಂಡ ಗುಮಾಸ್ತರು ಹಂಗಳದಲ್ಲಿ ಗೃಹಪ್ರವೇಶಕ್ಕೆ ಹೋಗಿದ್ದರು, ಕೀಲಿಯೂ ಅವರ ಜೊತೆ ಹೋಗಿತ್ತು. ಬಂದ ದಾರಿಗೆ ಸುಂಕವಿಲ್ಲವೆಂದು ವಾಪಸ್ಸು ಬಂದೆ.

ಎರಡನೆಯ ಸಲ ಹೊರಟಾಗ ಬಸ್‌ಸ್ಟ್ಯಾಂಡಿನಲ್ಲಿ ಅಟೆಂಡರ್ ನಿಂತಿದ್ದರು. ನಾನು ಕರೆದಿರಲಿಲ್ಲ. "ಲಾರಿಯಿಂದ ಇಳ್ಸಿದ್ದು ನಾನೇ. ಕಾಗ್ದದ ಬಣ್ಣ ನೆಪ್ಪದ" ಎಂದಷ್ಟೇ ಹೇಳಿ ಹಿಂದಿನ ಸೀಟಿನಲ್ಲಿ ಕೂತರು.

ಮೂರು ಬೀರು, ಗಂಟಲು ಕಟ್ಟುವ ಧೂಳು, ಇಲಿ ಕಡಿದ ಕಟ್ಟುಗಳು. ನಾನು ಪ್ರತಿ ಹಾಳೆಯನ್ನೂ ಓದುತ್ತಾ ಕೂತೆ. ಅವರು ಓದಲೇ ಇಲ್ಲ. ಕಟ್ಟಿನ ಅಂಚನ್ನಷ್ಟೇ ನೋಡುತ್ತಾ ಹೋಗಿ, ಒಂದರಿಂದ ಮಾಸಲು ಗುಲಾಬಿ ಬಣ್ಣದ ಹಾಳೆಯೊಂದನ್ನು ಎಳೆದು ನನ್ನ ಮುಂದಿಟ್ಟರು. ಚಲನ್ ಅದೇ. ಪೀಠದ ಸಂಖ್ಯೆಗಳನ್ನು ನಾನು ಚೀಟಿಯಲ್ಲಿ ಬರೆದುಕೊಂಡು ಹೋಗಿದ್ದೆ. ಹನ್ನೊಂದು ತಾಳೆಯಾದವು. ಉಳಿದ ಒಂದು ಸಂಖ್ಯೆ, ನಂಬರು ಅಳಿಸಿಹೋದ ಮೈಕ್ರೋಸ್ಕೋಪಿನದೇ. ಅನುಮಾನಕ್ಕೆ ಜಾಗವೇ ಇರಲಿಲ್ಲ.

ವಾಪಸ್ಸು ಬರುವಾಗ ಅವರು ನನ್ನ ಪಕ್ಕದ ಸಾಲಿನಲ್ಲೇ ಕೂತಿದ್ದರು. ಕ್ಷಮಿಸಿ ಎನ್ನಬೇಕಿತ್ತು. ತೆರಕಣಾಂಬಿ ಬರುವಷ್ಟರಲ್ಲಿ ಅಂದುಬಿಡೋಣವೆಂದುಕೊಂಡೆ. ತೆರಕಣಾಂಬಿ ದಾಟಿತು. "ಈ ಬಸ್ಸು ಎಷ್ಟು ನಿಧಾನ ಅಲ್ವಾ" ಎಂದೆ. ಅವರು ಹೌದೆಂದರು.

ಮುಖ್ಯ ಕಚೇರಿಯವರು ಚಲನ್ ಒಪ್ಪಿದರು. 'ಸದರಿ' ಬರೆದದ್ದು ಯಾರೆಂದು ವಿವರಣೆ ಕೇಳಿದರು. ತಪ್ಪು ನನ್ನದೆಂದು ಬರೆದುಕೊಟ್ಟೆ. ಒಂಬತ್ತಕ್ಕೆ ಕ್ಯೂಆರ್ ಚೀಟಿ ಬಂತು. ಕೆಂಪು ಷರಾ ಇರುವ ಪುಟವನ್ನು ಹೊಸದಾಗಿ ಬರೆಯಬಹುದೇ ಎಂದು ಅಧಿಕಾರಿಯನ್ನು ಫೋನಿನಲ್ಲಿ ಕೇಳಿದೆ.

"ವಹಿಯಲ್ಲಿ ಬರೆದದ್ದನ್ನ ಅಳಿಸೋ ಹಾಗಿಲ್ಲ ಮೇಡಂ. ಒಂದು ಗೆರೆ ಎಳೆದು ಸಹಿ ಹಾಕಿ. ಕೆಳಗಿರೋದು ಓದೋಕೆ ಬರಬೇಕು, ರೂಲು."

ಅಟೆಂಡರ್ ನಿವೃತ್ತರಾಗುವ ದಿನ ಬೇಬಾಕಿ ಪತ್ರವನ್ನು ನಾನೇ ಒಳ್ಳೆಯ ದಪ್ಪ ಕಾಗದದ ಮೇಲೆ ಅಚ್ಚು ಹಾಕಿಸಿದ್ದೆ. ಅಂಚು ಮುದುರದಿರಲೆಂದು ಫೈಲಿನೊಳಗಿಟ್ಟು ಕೊಟ್ಟೆ. ಅವರು ಬೆರಳಿಟ್ಟು ಕೊನೆಯ ತನಕ ಓದಿ ತಲೆಯಾಡಿಸಿದರು.

"ಆ ದೊಡ್ ಪುಸ್ತಕ ಒಸಿ ತೋರ್ಸಿ."

ವಹಿ ತೆರೆದೆ. ಗೆರೆ ಎಳೆದಿದ್ದೆ, ಸಹಿ ಹಾಕಿದ್ದೆ, ಪಕ್ಕದಲ್ಲಿ 'ಪತ್ತೆಯಾಗಿದೆ' ಎಂದೂ ಬರೆದಿದ್ದೆ. ಅವರ ಬೆರಳು ಗೆರೆಯ ಕೆಳಗಿನ ಕೆಂಪು ಅಕ್ಷರದ ಮೇಲೇ ನಡೆಯಿತು.

"ಇನ್ನೂ ಓದಾಕ ಬತ್ತದ" ಎಂದರು.

"ರೂಲು ಯಜಮಾನ್ರೇ. ತಪ್ಪು ನಂದೇ ಅಂತ ಬರೆದುಕೊಟ್ಟಿದ್ದೀನಿ."

"ಅದು ಮೇಲಿನ ಆಪೀಸಿಗ ಬರ್ದು ಕೊಟ್ಟಿರಾದು" ಎಂದರು. ದನಿಯಲ್ಲಿ ಸಿಟ್ಟಿರಲಿಲ್ಲ.

ನಾನು ವಹಿ ಮುಚ್ಚಿದೆ. ಅವರು ಪತ್ರವನ್ನು ಫೈಲಿನಿಂದ ಹೊರಗೆ ತೆಗೆದರು. ಫೈಲನ್ನು ನನ್ನ ಮೇಜಿನ ಮೇಲೆ ವಾಪಸ್ಸಿಟ್ಟರು, ಅದು ಕಚೇರಿಯ ವಸ್ತು. ಆಮೇಲೆ ಪತ್ರವನ್ನು ನಾಲ್ಕು ಮಡಿಕೆ ಮಾಡಿ ಅಂಗಿಯ ಜೇಬಿಗೆ ಸೇರಿಸಿ, ಉಮ್ಮತ್ತೂರಿನ ಬಸ್ಸಿಗೆ ಹೊತ್ತಾಯಿತೆಂದು ಹೊರಟರು.