ಅತ್ತೆ ತಂದ ಎಳನೀರು

ಅಪ್ಪನ ನ್ಯುಮೋನಿಯಾದಲ್ಲಿ ನನಗೆ ಅಂಜಿಕೆ ಹುಟ್ಟಿಸಿದ್ದು ಕೆಮ್ಮಲ್ಲ, ಮಂಚಕ್ಕೆ ತೂಗುಹಾಕಿದ್ದ ಮೂತ್ರದ ಚೀಲ. ಅದು ಬೆಳಗಿನಿಂದ ಖಾಲಿಯಿತ್ತು. ಹಾಗಂತ ನನ್ನ ನೆನಪು. ಹಿಂದಿನ ಸಂಜೆಯಿಂದಲೇ ಖಾಲಿ ಎನ್ನುತ್ತಾಳೆ ತಂಗಿ.

ಯಾದಗಿರಿಯ ಆಸ್ಪತ್ರೆಯ ಡಾಕ್ಟರಮ್ಮ ನನ್ನನ್ನು ಪಕ್ಕಕ್ಕೆ ಕರೆದರು. “ಫುಪ್ಪುಸದ ನಂಜು ರಕ್ತಕ್ಕ ಏರಿ ಕಿಡ್ನಿಗೆ ಪೆಟ್ಟು ಬಿದ್ದದರಿ. ಪೊಟ್ಯಾಸಿಯಂ ಹೊರಗ ಹೋಗವಲ್ದು. ಇನ್ನಷ್ಟು ಏರಿದ್ರ ಎದಿ ಬಡಿತಾನ ನಿಂತೀತು. ಔಷಧ ಕೊಟ್ಟೇವಿ. ಸಂಜಿತನಕ ಇಳೀಲಿಲ್ಲಂದ್ರ ಡಯಾಲಿಸಿಸ್. ಎಳನೀರು, ಮೋಸಂಬ್ಯಾಗ ಅದ ಪೊಟ್ಯಾಸಿಯಂ ಭಾಳ ಇರ್ತದ, ಒಂದ್ ಹನಿ ಕೊಡಬ್ಯಾಡ್ರಿ.”

ನಮ್ಮ ಶಹಾಪುರದ ಕಡೆ ರೋಗಿಯನ್ನು ನೋಡಲು ಯಾರೂ ಬರಿಗೈಲಿ ಬರುವುದಿಲ್ಲ. ಎಳನೀರು ತಂದು ಕೈಯಾರೆ ಎರಡು ಗುಟುಕು ಕುಡಿಸಿದರೇ ನೋಡಿದಂತೆ. ಬೇಡವೆಂದರೆ ಬಳಗವೇ ಬೇಡವೆಂದಂತೆ. ಮಂಚದ ಕೆಳಗೆ ಆಗಲೇ ಬರಿದಾದ ಬುರುಡೆಗಳು ಬಿದ್ದಿದ್ದವು. ಅವನ್ನು ಹೊರಗೆ ಹಾಕಿ ವಾರ್ಡಿನ ಬಾಗಿಲಲ್ಲಿ ನಿಂತೆ.

ಮಧ್ಯಾಹ್ನ ದೇವಾಪುರದಿಂದ ಅತ್ತೆ ಬಂದಳು, ಅಪ್ಪನ ಅಕ್ಕ. ಕೈಯಲ್ಲಿ ಕೆತ್ತಿಸಿ ಸ್ಟ್ರಾ ಹಾಕಿಸಿದ ಎಳನೀರು.

“ಅತ್ತಿ, ಬ್ಯಾಡ. ಡಾಕ್ಟರ್ ಬ್ಯಾಡಂದಾರ.”

“ಬಾಯಿ ಒಣಗಿದ ತಮ್ಮಗ ನೀರು ಬ್ಯಾಡಂತ? ನೀ ದೇವರನ್ನ ನಂಬದಂವ ಅಂತ ಗೊತ್ತಿತ್ತು. ಈಗ ಎಳನೀರನ್ನೂ ನಂಬಂಗಿಲ್ಲೇನೋ?”

ಅವಳ ದನಿಗೆ ಅಪ್ಪ ಕಣ್ಣು ತೆರೆದ. “ಅಕ್ಕಾ, ಬಂದ್ಯಾ? ಕೊಡವಾ.”

ಅತ್ತೆ ನನ್ನನ್ನು ತಳ್ಳಿಕೊಂಡೇ ಒಳಗೆ ಹೋದಳು. ಸ್ಟ್ರಾ ಅಪ್ಪನ ತುಟಿಗೆ ತಾಗಿತ್ತೇ? ತಾಗುವ ಮೊದಲೇ ಕಾಯಿ ಕಿತ್ತುಕೊಂಡೆನೆಂದು ಎಲ್ಲರಿಗೂ ಹೇಳುತ್ತ ಬಂದಿದ್ದೇನೆ. ಈಗ ಖಾತ್ರಿಯಿಲ್ಲ. ನೆಲದ ಮೇಲೆ ಚೆಲ್ಲಿದ ನೀರು ಮಾತ್ರ ಕಣ್ಣಿಗೆ ಕಟ್ಟಿದೆ.

“ಕುಡದ್ರ ಎದಿ ನಿಲ್ತದ, ಅತ್ತಿ” ಎಂದೆ. ಅವಳು ಬಯ್ಯಲಿಲ್ಲ. ಸೆರಗಿನ ತುದಿಯನ್ನು ಕುಡಿಯುವ ನೀರಲ್ಲಿ ಅದ್ದಿ ತಮ್ಮನ ತುಟಿ ಒರೆಸಿದಳು. ಆಮೇಲೆ ತಾನೇ ಹೋಗಿ ಬಾಗಿಲಿಗೆ ಅಡ್ಡ ಕೂತಳು.

ಸುರಪುರದ ಬೀಗರು ಎಳನೀರು ಹಿಡಿದು ಬಂದಾಗ ಅವಳ ಗಂಟಲು ವಾರ್ಡಿಗೆಲ್ಲ ಕೇಳಿಸಿತು: “ಅದನ್ನ ನೀವ ಕುಡೀರಿ. ಒಡಹುಟ್ಟಿದ ನನ್ನನ್ನ ಬಿಟ್ಟಿಲ್ಲ ಈ ಭಾಡ್ಯಾ, ನಿಮ್ಮನ್ನ ಬಿಟ್ಟಾನೇನು?”

ಸಂಜೆ ಡಾಕ್ಟರಮ್ಮ ಬರುವ ಮೊದಲು ಚೀಲದ ನಳಿಕೆಯಲ್ಲಿ ಹಳದಿ ಗೆರೆಯೊಂದು ಇಳಿಯಿತು. ಮೊದಲು ಕೂಗಿದ್ದು ನಾನೋ ಅತ್ತೆಯೋ ತಿಳಿಯದು. ಔಷಧ ಹತ್ತಿತ್ತು, ಡಯಾಲಿಸಿಸ್ ಬೇಕಾಗಲಿಲ್ಲ. ಅತ್ತೆ ಆ ಚೀಲದ ಮುಂದೆ ಮಂಡಿಯೂರಿ ಕೈ ಮುಗಿದಿದ್ದಳು. ಪಕ್ಕದಲ್ಲಿ ನಾನೂ ಮಂಡಿಯೂರಿದ್ದೆ. ಕೈ ಮುಗಿದಿದ್ದೆನೇ ಎಂದು, ಮಂಚದಾಚೆ ನಿಂತು ನೋಡುತ್ತಿದ್ದ ತಂಗಿಯನ್ನು ನಾನು ಕೇಳಿಲ್ಲ.