ಏಳು ವರ್ಷದ ಕೈ

ಕೈ ಮುರಿದಿರಲಿಲ್ಲ. ಮಗಳು ಎಲ್ಲಿಯೂ ಬಿದ್ದಿರಲಿಲ್ಲ. ಆದರೂ ಮಿರಜಿನ ಮಕ್ಕಳ ಡಾಕ್ಟರ್ ಅವಳ ಎಡಗೈ ಮತ್ತು ಮಣಿಕಟ್ಟಿನ ಎಕ್ಸ್‌ರೇ ಬರೆದುಕೊಟ್ಟರು. ನಾವು ಹೋಗಿದ್ದು ಸನ್ಮತಿ ಎತ್ತರ ಬೆಳೆಯುತ್ತಿಲ್ಲ ಎಂದು. ಎರಡು ವರ್ಷದ ಹಿಂದಿನ ಚಪ್ಪಲಿ ಅವಳಿಗೆ ಇನ್ನೂ ಆಗುತ್ತಿತ್ತು. ಎರಡನೆಯ ಇಯತ್ತೆಯ ಸಾಲಿನಲ್ಲಿ ನಿಲ್ಲಿಸಿದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಅವಳು ಓದುತ್ತಿದ್ದದ್ದು ಆರನೆಯದರಲ್ಲಿ.

"ಎತ್ತರ ನೋಡಾಕ ಕೈ ಯಾಕ್ರಿ ಮೇಡಂ?" ಎಂದು ಕೇಳಿದೆ.

"ಎಲುಬಿಗೆ ಅದರದ ಒಂದು ವಯಸ್ಸು ಇರತೈತ್ರಿ. ಕೈಯಾಗ ಸಣ್ಣ ಸಣ್ಣ ಎಲುಬು ಭಾಳ ಅದಾವಲ್ಲ, ಅಲ್ಲಿ ಅದು ಚಲೋ ತಿಳಿತೈತಿ."

ಫಿಲ್ಮ್ ಬಂತು. ಅದನ್ನು ಬೆಳಕಿನ ಪೆಟ್ಟಿಗೆಗೆ ಸಿಕ್ಕಿಸಿ, ಡಾಕ್ಟರ್ ಒಂದು ದಪ್ಪ ಪುಸ್ತಕ ತೆರೆದರು. ಅದರಲ್ಲಿ ಪುಟಕ್ಕೊಂದು ಕೈಯ ಚಿತ್ರ. ಯಾವ ವಯಸ್ಸಿನ ಮಕ್ಕಳ ಎಲುಬು ಹೇಗಿರಬೇಕು ಎಂಬುದರ ಪಾಠ. ಮಗಳಿಗೆ ಹನ್ನೊಂದು ತುಂಬಿತ್ತು. ಡಾಕ್ಟರ್ ಹನ್ನೊಂದರ ಪುಟ ತೆಗೆದು ಫಿಲ್ಮಿನ ಕಡೆ ನೋಡಿದರು. ಒಂದು ಪುಟ ಹಿಂದಕ್ಕೆ ತಿರುವಿದರು. ಮತ್ತೆ ನೋಡಿದರು. ಮತ್ತೊಂದು ಹಿಂದಕ್ಕೆ. ಸಾಕು, ಅಲ್ಲೇ ನಿಲ್ಲಿಸಿರಿ ಅನ್ನಬೇಕೆನಿಸಿತು.

ಏಳರ ಪುಟದಲ್ಲಿ ನಿಂತರು.

ರಕ್ತ ಪರೀಕ್ಷೆಯ ರಿಪೋರ್ಟ್ ಸಂಜೆಗೆ ಬಂತು. ಕುತ್ತಿಗೆಯಲ್ಲಿರುವ ಥೈರಾಯ್ಡ್ ಗ್ರಂಥಿ ಹೆಚ್ಚೂಕಡಿಮೆ ಕೆಲಸವನ್ನೇ ಬಿಟ್ಟಿತ್ತು. ಬಿಟ್ಟು ಎಷ್ಟೋ ವರ್ಷಗಳಾಗಿರಬೇಕು ಎಂದರು ಡಾಕ್ಟರ್. ಅದು ಸುರಿಸುವ ಹಾರ್ಮೋನ್ ಇಲ್ಲದೆ ಎಲುಬು ಬೆಳೆಯುವುದಿಲ್ಲ, ಮೈ ಬೆಚ್ಚಗಿರುವುದಿಲ್ಲ, ಮಲ ಸರಿಯಾಗಿ ಹೋಗುವುದಿಲ್ಲ, ಹಸಿವಾಗುವುದಿಲ್ಲ. ಹುಡುಗಿ ಸುಮ್ಮನೆ ಕೂತಿರುತ್ತಾಳೆ.

ಹಸಿವಾಗುವುದಿಲ್ಲ ಎಂದಾಗ ನನಗೆ ಅವಳ ಉಪವಾಸ ನೆನಪಾಯಿತು.

ನಮ್ಮದು ಐನಾಪುರದ ಜೈನ ಮನೆತನ. ಹಿಂದಿನ ದಶಲಕ್ಷಣ ಪರ್ವದಲ್ಲಿ ನನ್ನ ಮಗಳು ಹತ್ತೂ ದಿನ ಒಪ್ಪತ್ತು ಮಾಡಿದ್ದಳು. ದಿನಕ್ಕೆ ಒಂದೇ ಊಟ. ಹಟ ಇಲ್ಲ, ಅಳು ಇಲ್ಲ. ಬಸದಿಯಲ್ಲಿ ಅವಳಿಗೆ ಹಾರ ಹಾಕಿ, ಶಾಲು ಹೊದಿಸಿದ್ದರು. "ಎಂಥಾ ಶಾಂತ ಕೂಸು, ಎಲ್ಲಾರೂ ಹಿಂಗ ಇರಬೇಕು ನೋಡ್ರಿ" ಎಂದು ಓಣಿಯೆಲ್ಲ ಹೊಗಳಿತ್ತು. ಉಪವಾಸ ದೊಡ್ಡದೇ. ನಾನೂ ಮಾಡುತ್ತೇನೆ, ಹಸಿವು ತಡೆದು ಮಾಡುತ್ತೇನೆ. ಆದರೆ ನನ್ನ ಮಗಳಿಗೆ ತಡೆಯಲು ಹಸಿವೆಯೇ ಇರಲಿಲ್ಲ. ನಾವೆಲ್ಲ ಸೇರಿ ಹಾರ ಹಾಕಿದ್ದು ಒಂದು ರೋಗಕ್ಕೆ.

ನನಗೆ ಸಿಟ್ಟು ಬೇಗ ಬರುತ್ತದೆ. ನಿಪ್ಪಾಣಿಯ ನನ್ನ ತವರಿನವರೂ ಇದನ್ನೇ ಹೇಳುತ್ತಾರೆ. ಅವತ್ತು ಬಂದ ಸಿಟ್ಟು ಮಾತ್ರ ಯಾರ ಮೇಲೆ ತೀರಿಸಬೇಕೋ ತಿಳಿಯದೆ ಹಾಗೇ ಉಳಿಯಿತು.

"ಇನ್ನೂ ಹೊತ್ತು ಮೀರಿಲ್ರಿ," ಎಂದು ಡಾಕ್ಟರ್ ಫಿಲ್ಮಿನ ಮೇಲೆ ಪೆನ್ನು ಇಟ್ಟು ತೋರಿಸಿದರು. ಬೆರಳಿನ ಎಲುಬುಗಳ ತುದಿಯಲ್ಲಿ ಕಪ್ಪು ಗೆರೆಯಂಥ ಸಂದುಗಳಿದ್ದವು. "ಈ ಸಂದಿನ್ಯಾಗ ಎಲುಬು ಬೆಳೀತೈತ್ರಿ. ಎಲ್ಲಾ ತೆರದಾವ. ಗುಳಗಿ ಸುರು ಮಾಡೋಣು. ಮುಂದ ಆಕಿ ದೊಡ್ಡಾಕಿ ಆಗಾಕ ಹತ್ತಿದ ಮ್ಯಾಲ ಇವು ಒಂದೊಂದ ಮುಚ್ಚತಾವ. ಮುಚ್ಚಿದ್ರ ಮುಗೀತು, ಯಾವ ಗುಳಗಿನೂ ಏನೂ ಮಾಡೂದಿಲ್ಲ. ಅಷ್ಟರಾಗ ಆಗಬೇಕು."

ಗುಳಿಗೆ ಸಣ್ಣದು, ಬಿಳಿಯದು. ಬೆಳಿಗ್ಗೆ ಎದ್ದ ಕೂಡಲೆ ಬರಿಹೊಟ್ಟೆಯಲ್ಲಿ, ಬರೀ ನೀರಿನ ಜೊತೆ. ಆಮೇಲೆ ಒಂದು ತಾಸು ಏನೂ ಕೊಡಬಾರದು. ಇಷ್ಟೇ ಔಷಧ.

ಇಷ್ಟೇ ನಮ್ಮ ಮನೆಯಲ್ಲಿ ಆಗಲಿಲ್ಲ.

ನನ್ನ ಅತ್ತೆ, ಅಂದರೆ ಸನ್ಮತಿಯ ಆಯಿ, ಬಸದಿಗೆ ಹೋಗಿ ದರ್ಶನ ಮಾಡುವ ತನಕ ಬಾಯಿಗೆ ಹನಿ ನೀರು ಹಾಕುವವರಲ್ಲ. ಮೂರು ವರ್ಷದವಳಿದ್ದಾಗಿನಿಂದ ಮೊಮ್ಮಗಳನ್ನೂ ಕೈ ಹಿಡಿದು ಕರೆದೊಯ್ಯುತ್ತಿದ್ದರು. ಅವಳಿಗೂ ಅದೇ ನೇಮ. ನಾನು ಅಥಣಿಯ ಶಾಲೆಯೊಂದರಲ್ಲಿ ಕಲಿಸುತ್ತೇನೆ. ಬೆಳಗಿನ ಮೊದಲ ಬಸ್ಸಿಗೇ ಹೊರಡಬೇಕು. "ಗುಳಗಿ ನಾ ಕೊಡ್ತೀನಿ, ನೀ ಚಿಂತಿ ಮಾಡಬ್ಯಾಡ" ಎಂದರು ಅತ್ತೆ. ಬರಿಹೊಟ್ಟೆಯಲ್ಲಿ ಕೊಡಬೇಕು ಎಂದು ಹೇಳಿಯೇ ಕೊಟ್ಟಿದ್ದೆ. ನಂಬಿದೆ.

ಕೆಲವು ವಾರ ಬಿಟ್ಟು ರಕ್ತ ಪರೀಕ್ಷೆ ಮಾಡಿಸಿದೆವು. ಸುಧಾರಣೆ ಇಲ್ಲ. ಡೋಸ್ ಏರಿಸಿದರು. ಮತ್ತೂ ಇಲ್ಲ. ಮತ್ತೆ ಏರಿಸಿದರು. ಅರ್ಧ ವರ್ಷ ದಾಟಿದ ಮೇಲೆ ಮತ್ತೊಮ್ಮೆ ಕೈಯ ಎಕ್ಸ್‌ರೇ ತೆಗೆದರು. ಅದೇ ಪುಸ್ತಕ, ಅದೇ ಏಳರ ಪುಟ.

ಕೈ ಕದಲಿರಲಿಲ್ಲ.

ಡಾಕ್ಟರ್ ನನ್ನನ್ನು ಬಿಟ್ಟು ಮಗಳ ಕಡೆ ತಿರುಗಿದರು. "ಸನ್ಮತಿ, ಗುಳಗಿ ಹೆಂಗ ತಗೋತಿ? ಹೇಳು ನೋಡೋಣು."

"ಬಸದಿಯಿಂದ ಬಂದ ಮ್ಯಾಲ ಆಯಿ ಕೊಡ್ತಾಳ್ರಿ. ಹಾಲಿನ ಜೊತಿ. ಆಮ್ಯಾಲ ಉಪ್ಪಿಟ್ಟು."

ಹಾಲಿನ ಜೊತೆ ಹೊಟ್ಟೆಗೆ ಹೋದರೆ ಈ ಗುಳಿಗೆ ಮೈಗೆ ಸರಿಯಾಗಿ ಹತ್ತುವುದೇ ಇಲ್ಲ ಎಂದರು ಡಾಕ್ಟರ್. ಸಂದು ಮುಚ್ಚುವುದರೊಳಗೆ ಇರುವ ಇಷ್ಟೇ ಇಷ್ಟು ಕಾಲದಲ್ಲಿ ಅರ್ಧ ವರ್ಷ ನೀರುಪಾಲಾಯಿತು. ಮನೆಯ ಹೊಸ್ತಿಲು ತುಳಿದ ಕೂಡಲೆ ಅತ್ತೆಯನ್ನು ಕೇಳಿದೆ.

"ಹಾಲು ಯಾಕ ಕೊಟ್ರಿ ಅತ್ತಿ?"

"ಬರೇ ಹೊಟ್ಟ್ಯಾಗ ಗುಳಗಿ ಕೊಟ್ರ ಉರಿ ಏಳತೈತಿ ಅಂತ ಕೊಟ್ಟೆ. ಸಣ್ಣ ಜೀವ."

"ನಾಳೆಯಿಂದ ಎದ್ದ ಕೂಡ್ಲೆ ನಾನ ಕೊಡ್ತೀನಿ. ನೀರಿನ ಜೊತಿ."

"ನೀರು ಕುಡದು ಬಸದಿಗೆ ಬರೂದ? ಹಂಗಿದ್ರ ನಾ ಕರಕೊಂಡು ಹೋಗೂದಿಲ್ಲ."

"ಬ್ಯಾಡ ಬಿಡ್ರಿ. ನಾ ಕರಕೊಂಡು ಹೋಗ್ತೀನಿ."

ದ್ರಾಕ್ಷಿ ತೋಟದಿಂದ ಆಗಷ್ಟೇ ಬಂದಿದ್ದ ನನ್ನ ಗಂಡ ಕೈಕಾಲು ತೊಳೆಯುತ್ತ, "ಇಬ್ಬರದೂ ಖರೇನ ಐತಿ" ಎಂದರು.

"ಇಬ್ಬರದೂ ಖರೆ ಅಂತ ಕೂತ್ರ ಆಕಿ ಎಲುಬು ಕಾಯೂದಿಲ್ರಿ. ಯಾರ್ದರೆ ಒಂದು ಆರಿಸ್ರಿ."

ಅವರು ಆರಿಸಲಿಲ್ಲ. ನಾನು ಕಾಯಲೂ ಇಲ್ಲ.

ಮರುದಿನ ನಸುಕಿನಲ್ಲಿ ಎಬ್ಬಿಸಿ, ಗುಳಿಗೆ ಕೊಟ್ಟು, ಸ್ನಾನ ಮಾಡಿಸಿ ನಾನೇ ಬಸದಿಗೆ ಕರೆದೊಯ್ದೆ. ಬಸ್ಸು ತಪ್ಪಿದರೆ ತಪ್ಪಲಿ. ಅತ್ತೆ ಮುಂಚೆಯೇ ಬಂದು ಕಂಬದ ಬಳಿ ಜಪಕ್ಕೆ ಕೂತಿದ್ದರು. ನಮ್ಮ ಕಡೆ ನೋಡಲಿಲ್ಲ. ಸುದ್ದಿ ಮಾತ್ರ ನಮಗಿಂತ ಮೊದಲೇ ಬಂದಿತ್ತು. ಪಕ್ಕದ ಮನೆಯ ಚಂಪಕ್ಕ ಕೇಳಿಯೇ ಬಿಟ್ಟಳು: "ನೀರು ಕುಡಿಸಿ ಕರಕೊಂಡು ಬಂದೀಯಂತಲ್ಲ?"

"ಹೌದ್ರಿ. ಔಷಧ ಕುಡಿಸಿ ಕರಕೊಂಡು ಬಂದೀನಿ."

"ಔಷಧ ಆಮ್ಯಾಲ ಕೊಟ್ರ ಏನಾಗತಿತ್ತು? ಹೆಣ್ಣುಮಗಳು. ಹಿಂಗ ಕುಳ್ಳಿ ಉಳದ್ರ ನಾಳೆ ಲಗ್ನಕ್ಕ ತ್ರಾಸ. ದೇವರಿಗೂ ಸಿಟ್ಟು ತರಿಸಬಾರದವಾ."

"ಆಕಿ ಹಾಲುಹಲ್ಲು ಬೀಳೂದು ಇನ್ನೂ ಮುಗದಿಲ್ಲ, ನಿಮಗ ಲಗ್ನದ ಗಡಿಬಿಡಿ! ದೇವರ ಸಿಟ್ಟು ನನ್ನ ಮ್ಯಾಲ ಬರ್ಲಿ ಬಿಡ್ರಿ. ಆಕಿ ಬೆಳೀಲಿ."

ದನಿ ಏರಿತ್ತು. ಉಪಾಧ್ಯೆಯವರು, ನಮ್ಮ ಬಸದಿಯ ಪೂಜಾರಿ, ಅಭಿಷೇಕ ಮುಗಿಸಿ ಹೊರಬಂದರು. ಎಲ್ಲರ ಮುಖ ನೋಡಿದರು. ಗಂಧೋದಕದ ಬಟ್ಟಲನ್ನು ಎಲ್ಲರಿಗೂ ಹಿಡಿದಂತೆ ನನ್ನ ಮಗಳ ಮುಂದೆಯೂ ಹಿಡಿದರು. ಅವಳು ಬೆರಳು ಅದ್ದಿ ಹಣೆಗೆ, ಕಣ್ಣಿಗೆ ಹಚ್ಚಿಕೊಂಡಳು. ನನಗೆ ಅಳು ಬಂತು. ಚಂಪಕ್ಕನ ಎದುರು ಅಳಬಾರದೆಂದು ತಡೆದುಕೊಂಡೆ.

ಹೀಗೇ ದಿನಗಳು ಹೋದವು. ಅತ್ತೆ ನನ್ನೊಡನೆ ಮಾತು ಬಿಟ್ಟರು. ನಾನೂ ಬಿಟ್ಟೆ. ಉಪ್ಪು ಖಾರ ಬೇಕಾದರೆ ನಡುವೆ ಮಗಳನ್ನು ಓಡಿಸುತ್ತಿದ್ದೆವು.

ಮತ್ತೆ ರಕ್ತ ಪರೀಕ್ಷೆ. ಈ ಸಲ ಎಷ್ಟು ಸುಧಾರಿಸಿತ್ತೆಂದರೆ ಡಾಕ್ಟರ್ ಏರಿಸಿದ ಡೋಸ್ ಇಳಿಸಿದರು. ಮಗಳ ಒರಟು ಚರ್ಮ ಮೆತ್ತಗಾಯಿತು. ಕೂದಲು ಉದುರುವುದು ನಿಂತಿತು. ಮಧ್ಯಾಹ್ನ ಮಲಗುವುದನ್ನು ಬಿಟ್ಟಳು. ಒಂದು ದಿನ ಅವಳ ಶಾಲೆಯ ಟೀಚರ್ ಫೋನ್ ಮಾಡಿ, "ನಿಮ್ಮ ಸನ್ಮತಿ ಎಷ್ಟು ಶಾಂತ ಇದ್ಲ್ರಿ. ಈಗ ಜಗಳ ತಗೀತಾಳ, ಎದುರು ಮಾತಾಡತಾಳ" ಎಂದು ದೂರಿದರು. ಆಗಲ್ರಿ, ಹೇಳ್ತೀನಿ ಎಂದೆ. ಹೇಳಲಿಲ್ಲ. ಮಗಳಿಗೆ ಪೇಢೆ ತಂದುಕೊಟ್ಟೆ.

ಮುಂದಿನ ಎಕ್ಸ್‌ರೇಗೆ ಅತ್ತೆ ತಾವಾಗಿಯೇ ಸೀರೆ ಉಟ್ಟು ಹೊರಟು ನಿಂತರು. ಬ್ಯಾಡ ಎನ್ನುವ ಧೈರ್ಯ ನನಗೂ ಇರಲಿಲ್ಲ. ಆಸ್ಪತ್ರೆಯಲ್ಲಿ ಡಾಕ್ಟರ್ ಏಳರ ಪುಟ ತೆಗೆದರು, ಮುಂದಕ್ಕೆ ತಿರುವಿದರು. ಎಂಟು ದಾಟಿದರು. ಒಂಬತ್ತರ ಹತ್ತಿರ ಬೆರಳಿಟ್ಟರು. ಅತ್ತೆ ಕನ್ನಡಕ ಏರಿಸಿ ಫಿಲ್ಮಿನ ಹತ್ತಿರ ಹೋಗಿ ಕೇಳಿದರು.

"ಸಂದು ಅಂತಾರಲ್ಲ, ಯಾವ್ರಿ ಅವು?"

ಡಾಕ್ಟರ್ ತೋರಿಸಿದರು. ಅತ್ತೆ ಬಹಳ ಹೊತ್ತು ನೋಡಿದರು.

"ಇನ್ನ ತೆರದಾವ?"

"ತೆರದಾವ್ರಿ ಆಯಿ. ಆದರ ಇಷ್ಟು ವರ್ಷ ಕಳಕೊಂಡ ಎತ್ತರ ಪೂರಾ ತಿರುಗಿ ಸಿಗತೈತಿ ಅಂತ ನಾ ಹೇಳೂದಿಲ್ಲ. ಸ್ವಲ್ಪ ಗಿಡ್ಡ ಉಳೀಬಹುದು."

ಉಳಿಯಲಿ. ಗಿಡ್ಡವರು ಈ ಭೂಮಿಯ ಮೇಲೆ ಬದುಕಿಲ್ಲವೇ? ಸಿಕ್ಕಷ್ಟು ಎತ್ತರಕ್ಕೆ ನಾನು ಕೈ ಮುಗಿಯುತ್ತೇನೆ. ಆದರೆ ಅವಳಿಗೆ ಬರಬೇಕಾದದ್ದರಲ್ಲಿ ಇನ್ನೊಂದು ಎಳ್ಳಷ್ಟನ್ನೂ ಯಾರ ಮಾತಿಗೂ, ಯಾರ ಮುಲಾಜಿಗೂ ಬಿಟ್ಟುಕೊಡುವುದಿಲ್ಲ.

ಮೊನ್ನೆ ಭಾನುವಾರ ಎದ್ದಾಗ ಹಾಸಿಗೆಯಲ್ಲಿ ಮಗಳು ಇರಲಿಲ್ಲ. ಅಡುಗೆಮನೆಯಲ್ಲಿ ಅತ್ತೆ ಅವಳಿಗೆ ಗುಳಿಗೆ ಕೊಟ್ಟು, ನೀರಿನ ಲೋಟ ಹಿಡಿದು ನಿಂತಿದ್ದರು. ತಮ್ಮ ಬಾಯಿಗೆ ಇನ್ನೂ ಹನಿ ಹಾಕಿರಲಿಲ್ಲ. ನನ್ನ ಕಡೆ ನೋಡದೆಯೇ, "ಒಂದು ತಾಸು ಹೊಟ್ಟಿಗೆ ಏನೂ ಕೊಡಬಾರದಲ್ಲ? ಅಷ್ಟರಾಗ ಬಸದಿಗೆ ಹೋಗಿ ಬರ್ತೀವಿ" ಎಂದರು. ಮಾತು ಬಿಟ್ಟಮೇಲೆ ನನಗೆ ಆಡಿದ ಮೊದಲ ಮಾತು ಅದು. ಇಬ್ಬರೂ ಕೈ ಹಿಡಿದು ಹೋದರು.

ತಿರುಗಿ ಬಂದಾಗ ತಾಸು ತುಂಬಲು ಇನ್ನೂ ಸ್ವಲ್ಪ ಹೊತ್ತಿತ್ತು. ನಾನು ರೊಟ್ಟಿ ಬಡಿಯುತ್ತಿದ್ದೆ. ಮಗಳು ಪಡಸಾಲೆಯಲ್ಲಿ ಗಡಿಯಾರದ ಕೆಳಗೇ ತಟ್ಟೆ ಹಿಡಿದು ಕೂತಳು. ಚಮಚದಿಂದ ಬಡಿದಳು. ಆಯಿಯನ್ನು ಬೈದಳು, ಗಡಿಯಾರವನ್ನು ಬೈದಳು. ಆಮೇಲೆ ಓಣಿಗೆಲ್ಲ ಕೇಳುವಂತೆ ಕೂಗಿದಳು.

"ಮಮ್ಮೀ, ತಾಸು ಆತು! ನನಗ ಹಸಿವಾಗೇತಿ!"

ರೊಟ್ಟಿ ಹಂಚಿನ ಮೇಲೆ ಉಬ್ಬಿ ಬಂದಿತ್ತು. ನಾನು ಬೇಕೆಂದೇ ಉತ್ತರ ಕೊಡಲಿಲ್ಲ. ಇನ್ನೊಂದು ಸಲ ಕೂಗಲಿ ಎಂದು.